ನಿದ್ದೆಯಲ್ಲೂ ಎಚ್ಚರವಿದ್ದ ಗದ್ದ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆ ಚಿಕ್ಕದು. ರಾತ್ರಿ ಹಾಲ್‌ನಲ್ಲೇ ಸಾಲಾಗಿ ಹಾಸಿಗೆ ಹಾಸಿ ಮಲಗುತ್ತೇವೆ. ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಮೂರೂವರೆಗೆ ಮಾವ "ಹಿಡೀರಿ ಅವನನ್ನ" ಎಂದು ಕೂಗಿ ಕೈ ಬೀಸಿದರು. ಏಟು ಅತ್ತೆಯ ಕೆನ್ನೆಗೆ ಬಿತ್ತು. ಎಬ್ಬಿಸಿದ ಕೂಡಲೇ ಅವರಿಗೆ ಕನಸು ಪೂರ್ತಿ ನೆನಪಿತ್ತು: ಯಾರೋ ಗಲ್ಲಾಪೆಟ್ಟಿಗೆ ಎತ್ತಿಕೊಂಡು ಓಡುತ್ತಿದ್ದನಂತೆ. ಮಾಟುಂಗದ ಹೋಟೆಲೊಂದರಲ್ಲಿ ಮೂವತ್ತೆಂಟು ವರ್ಷ ಒಲೆಯ ಮುಂದೆ ನಿಂತವರು ಅವರು. "ಇವ್ರಿಗೆ ಕನಸಲ್ಲೂ ಹೋಟ್ಲೇ" ಎಂದರು ಅತ್ತೆ. ವಿಚಾರಿಸಿದರೆ, ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಅತ್ತೆ ಯಾರಿಗೂ ಹೇಳಿರಲಿಲ್ಲ.

ಕನಸಿನಲ್ಲಿ ನಾವು ಓಡುತ್ತೇವೆ, ಜಗಳವಾಡುತ್ತೇವೆ. ಹಾಸಿಗೆಯಲ್ಲಿ ದೇಹ ಮಾತ್ರ ಸುಮ್ಮನಿರುತ್ತದೆ. 1953ರಲ್ಲಿ ಷಿಕಾಗೋದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಮಲಗಿದವರ ಕಣ್ಣುಗುಡ್ಡೆಗಳು ಆಗಾಗ ವೇಗವಾಗಿ ಹೊರಳುವುದನ್ನೂ ಆ ಹೊತ್ತಿನಲ್ಲಿ ಎಬ್ಬಿಸಿದವರು ಕನಸು ಹೇಳುವುದನ್ನೂ ವರದಿ ಮಾಡಿದರು. ಇದೇ ರೆಮ್ (ರ‍್ಯಾಪಿಡ್ ಐ ಮೂವ್‌ಮೆಂಟ್) ನಿದ್ರೆ. ಫ್ರಾನ್ಸಿನ ಲಿಯಾನ್‌ನಲ್ಲಿ ಮಿಶೆಲ್ ಜೂವೆ ಬೆಕ್ಕುಗಳಲ್ಲಿ ಕಂಡದ್ದು ಇನ್ನೂ ಸೋಜಿಗದ್ದು: ಆಗ ಮಿದುಳಿನ ಅಲೆಗಳು ಎಚ್ಚರದಂತಿದ್ದರೂ ಕತ್ತಿನ ಸ್ನಾಯು ಪೂರಾ ಸಡಿಲ. ಮಿದುಳುಕಾಂಡದ ಒಂದು ಸಣ್ಣ ಭಾಗಕ್ಕೆ ಪೆಟ್ಟಾದ ಬೆಕ್ಕುಗಳು ನಿದ್ದೆಯಲ್ಲೇ ಎದ್ದು, ಇಲ್ಲದ ಬೇಟೆಯ ಮೇಲೆ ಎರಗುತ್ತಿದ್ದವು. ಅಲ್ಲಿಂದ ಹೊರಡುವ ಆಜ್ಞೆಯೇ ಬೆನ್ನುಹುರಿಯ ಚಾಲಕ ನರಕೋಶಗಳನ್ನು ತಡೆದಿಡುತ್ತದೆ. ಉಸಿರಾಟದ ವಪೆಗೂ ಕಣ್ಣಿನ ಸ್ನಾಯುಗಳಿಗೂ ಆ ತಡೆ ತಟ್ಟುವುದಿಲ್ಲ.

ಮನುಷ್ಯರಲ್ಲಿ ಈ ತಡೆ ಸಡಿಲಗೊಂಡರೆ ಏನಾಗುತ್ತದೆಂದು 1986ರಲ್ಲಿ ಮಿನಿಯಾಪೊಲಿಸ್‌ನ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ವಿವರಿಸಿದರು. ರೆಮ್ ನಿದ್ರೆಯ ನಡವಳಿಕೆಯ ತೊಂದರೆ ಎಂದು ಅದಕ್ಕೆ ಹೆಸರು.

ಮಾವನನ್ನು ನಿದ್ರಾ ಪರೀಕ್ಷೆಗೆ ಮುಂಬೈಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ತಲೆಗೆ, ಕಣ್ಣಿನ ಬದಿಗೆ, ಮುಂಗೈಗೆ, ಮೊಣಕಾಲಿನ ಕೆಳಗೆ ತಂತಿಗಳು. ಗದ್ದಕ್ಕೇ ಮೂರು: ದವಡೆಯಂಚಿನ ಮೇಲೊಂದು, ಕೆಳಗೆ ಎಡಬಲಕ್ಕೆ ಒಂದೊಂದು. ಮಾತಿಗೂ ಊಟಕ್ಕೂ ಮಾತ್ರ ಎಂದುಕೊಂಡಿದ್ದ ಗದ್ದಕ್ಕೆ ಇಷ್ಟು ಮರ್ಯಾದೆ ಯಾಕೆ? ಎಚ್ಚರದಲ್ಲಿ ಗದ್ದದ ಸ್ನಾಯುಗಳು ಸದಾ ಸ್ವಲ್ಪ ಬಿಗಿಯಾಗಿರುತ್ತವೆ, ನಿದ್ದೆ ಬಂದಂತೆ ಬಿಗಿ ಇಳಿಯುತ್ತದೆ, ರೆಮ್‌ನಲ್ಲಿ ತೀರಾ ತಳಕ್ಕೆ ಹೋಗುತ್ತದೆ. ಆಗ ಪರದೆಯ ಮೇಲಿನ ಗದ್ದದ ಗೆರೆ ಬಹುಪಾಲು ನೇರ.

ನಡುವೆ ಸಣ್ಣ ಸೆಳೆತಗಳು ಬರುವುದು ಆರೋಗ್ಯವಂತರಲ್ಲೂ ಸಹಜ. ಮಗುವಿನ ತುಟಿ ನಿದ್ದೆಯಲ್ಲಿ ಅದುರುವುದನ್ನು ನೋಡದವರಾರು? ಹಾಗಾಗಿ ಸೆಳೆತ ಇದೆಯೇ ಎಂದು ನೋಡಿದರೆ ಸಾಲದು, ಎಷ್ಟಿದೆ ಎಂದು ಎಣಿಸಬೇಕು. ರಾತ್ರಿಯನ್ನು 30 ಸೆಕೆಂಡುಗಳ ತುಂಡುಗಳಾಗಿಯೂ, ಪ್ರತಿ ತುಂಡನ್ನು 3 ಸೆಕೆಂಡಿನ ಹತ್ತು ಚೂರುಗಳಾಗಿಯೂ ಕತ್ತರಿಸುತ್ತಾರೆ. ತುಂಡಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಬಿಗಿ ಉಳಿದರೆ ಅದೊಂದು ಬಗೆ, ಚೂರುಗಳಲ್ಲಿ ಚಿಮ್ಮುವ ಸೆಳೆತಗಳದು ಇನ್ನೊಂದು. ಗದ್ದ ಮತ್ತು ಮುಂಗೈಗಳನ್ನು ಸೇರಿಸಿ ಎಣಿಸಿದಾಗ ರೆಮ್‌ನ ತುಂಡುಗಳಲ್ಲಿ ಶೇ 27ಕ್ಕಿಂತ ಹೆಚ್ಚು ಹೀಗಿದ್ದರೆ ಸಂಶಯ ಬಲವಾಗುತ್ತದೆ. ವಿಡಿಯೊ, ಉಸಿರಾಟದ ದಾಖಲೆಯೂ ಬೇಕು: ನಿದ್ದೆಯಲ್ಲಿ ಉಸಿರು ಕಟ್ಟಿ ಒದ್ದಾಡುವವರೂ ಹೊರಗಿನಿಂದ ಹೀಗೇ ಕಾಣುತ್ತಾರೆ. ಖಿನ್ನತೆಯ ಕೆಲವು ಮಾತ್ರೆಗಳೂ ಇದನ್ನು ಹೊರಗೆಡಹಬಲ್ಲವು. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಇಷ್ಟು ಲೆಕ್ಕ ಯಾಕೆಂದರೆ, ಬೇರೆ ಕಾರಣವಿಲ್ಲದೆ ಇಳಿವಯಸ್ಸಿನಲ್ಲಿ ಶುರುವಾಗುವ ಈ ತೊಂದರೆ ಎಷ್ಟೋ ಸಲ ಪಾರ್ಕಿನ್ಸನ್ ಅಥವಾ ಲೂಯಿ ಕಾಯಗಳ (ಮಿದುಳಿನ ಕೋಶಗಳಲ್ಲಿ ಕಟ್ಟುವ ಪ್ರೋಟೀನಿನ ಗಂಟುಗಳ) ಮರೆವಿನ ರೋಗಕ್ಕೆ ವರ್ಷಗಟ್ಟಲೆ ಮುಂಚಿನ ಸುಳಿವು. ಈ ತೊಂದರೆಯಿದ್ದ, 24 ನಿದ್ರಾ ಕೇಂದ್ರಗಳ 1,280 ಜನರನ್ನು ಅನುಸರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು ಶೇ 6 ಮಂದಿಗೆ ಇಂಥ ರೋಗ ಬಂದಿತ್ತು. ಅದನ್ನು ತಡೆಯುವುದು ಸಾಬೀತಾದ ಮದ್ದು ಇನ್ನೂ ಇಲ್ಲ. ಇದನ್ನೋದಿ ನಾನು ಎರಡು ದಿನ ಮಾವನ ಮುಖ ನೋಡಲಾರದೆ ಹೋದೆ. ಆದರೂ ತಿಳಿದಿರುವುದೇ ಮೇಲು ಎಂಬುದು ನನ್ನ ನಂಬಿಕೆ.

ಮಾವನ ಲೆಕ್ಕ ಆ ಶೇ 27ರ ಗೆರೆ ದಾಟಿತ್ತು. ಈಗ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನಿನ ಮಾತ್ರೆ ತೆಗೆದುಕೊಳ್ಳುತ್ತಾರೆ, ಕೂಗಾಟ ತಗ್ಗಿದೆ. ಹಾಸಿಗೆಯ ಬಳಿಯ ಗಾಜಿನ ಟೀಪಾಯಿ ಬಾಲ್ಕನಿಗೆ ಹೋಗಿದೆ. ಆರು ತಿಂಗಳಿಗೊಮ್ಮೆ ನರರೋಗ ತಜ್ಞರು ಅವರ ನಡಿಗೆ, ಕೈಬರಹ ನೋಡುತ್ತಾರೆ; ವಾಸನೆ ತಿಳಿಯುತ್ತದೆಯೇ ಎಂದೂ ಕೇಳುತ್ತಾರೆ, ಏಕೆಂದರೆ ಮೂಗು ಮಂಕಾಗುವುದು ಇನ್ನೊಂದು ಸುಳಿವು. ಅಂದಿನಿಂದ ಅತ್ತೆ ಸಾರಿನ ಪುಡಿಗೆ ಹುರಿಯುವಾಗ ಹಾಲ್‌ನತ್ತ ಕಿವಿ ಇಟ್ಟಿರುತ್ತಾರೆ. ನಿನ್ನೆ ಅಲ್ಲಿಂದ ಮಾವನ ದನಿ ಬಂತು: "ಮೆಂತ್ಯ ಸೀಯ್ತಾ ಇದೆ, ಉರಿ ಸಣ್ಣ ಮಾಡು."