ಹೊಸ ಬ್ರೌಸರ್, ಹಳೆಯ ಲೈಬ್ರರಿ: ಎನ್ಯುಮರಬಲ್ ಎಂಬ ಗಂಟು

ಹೊಸ ಬ್ರೌಸರ್‌ನಲ್ಲಿ ಯಾವ ಸೌಲಭ್ಯ ಇಲ್ಲ ಎಂಬುದನ್ನು ಹಿಡಿಯುವುದು ಸುಲಭ, ಪಾಲಿಫಿಲ್ (ಇಲ್ಲದ ಸೌಲಭ್ಯವನ್ನು ತುಂಬಿಕೊಡುವ ಕೋಡ್) ಹಾಕಿದರೆ ಆಯಿತು. ಹೆಚ್ಚು ಕಾಡುವುದು ಅದು ಹೊಸದಾಗಿ ಸೇರಿಸಿಕೊಂಡದ್ದು.

ಮೂಟೂಲ್ಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ 2018ರ ಪ್ರಕರಣ ನೋಡಿ. ಈ ಲೈಬ್ರರಿ ಅರೇ ಪ್ರೋಟೋಟೈಪ್‌ಗೆ (ಎಲ್ಲ ಅರೇಗಳೂ ತಮ್ಮ ಮೆಥಡ್‌ಗಳನ್ನು ಪಡೆಯುವ ಮೂಲ ಆಬ್ಜೆಕ್ಟ್) ಫ್ಲಾಟನ್ ಎಂಬ ತನ್ನದೇ ಮೆಥಡ್ ಸೇರಿಸಿ, ಆಮೇಲೆ ಫಾರ್-ಇನ್ ಲೂಪ್‌ನಲ್ಲಿ (ಪ್ರಾಪರ್ಟಿಗಳ ಹೆಸರನ್ನು ಒಂದೊಂದಾಗಿ ಎತ್ತುವ ಲೂಪ್) ಅಲ್ಲಿನ ಮೆಥಡ್‌ಗಳನ್ನು ತನ್ನ ಎಲಿಮೆಂಟ್ಸ್ ಪ್ರೋಟೋಟೈಪ್‌ಗೆ ನಕಲು ಮಾಡುತ್ತಿತ್ತು. ಫೈರ್‌ಫಾಕ್ಸ್‌ನ ಪರೀಕ್ಷಾ ಆವೃತ್ತಿಯಾದ ನೈಟ್ಲಿಯಲ್ಲಿ ಅದೇ ಹೆಸರಿನ ಮೆಥಡ್ ಬಂತು, ಮೂಟೂಲ್ಸ್ ಬಳಸುತ್ತಿದ್ದ ಸೈಟ್ ಕೆಟ್ಟಿತು.

ನನಗೆ ಬಿಡಿಸಲಾಗದ ಗಂಟು ಇದೇ ಆಗಿತ್ತು. ಮೂಟೂಲ್ಸ್ ಹೇಗೂ ಬ್ರೌಸರಿನ ಮೆಥಡ್ ಮೇಲೆ ತನ್ನದನ್ನೇ ಬರೆಯುತ್ತದಲ್ಲ, ಮತ್ತೇಕೆ ತೊಂದರೆ?

ಪ್ರಾಪರ್ಟಿ ಎಂದರೆ ಬರೀ ಬೆಲೆ ಅಲ್ಲ, ಅದಕ್ಕೆ ಗುಣಗಳೂ ಇವೆ. ಎನ್ಯುಮರಬಲ್ ಅವುಗಳಲ್ಲಿ ಒಂದು: ಅದು ಟ್ರೂ ಇದ್ದರೆ ಮಾತ್ರ ಫಾರ್-ಇನ್ ಲೂಪ್‌ಗೆ ಆ ಪ್ರಾಪರ್ಟಿ ಕಾಣುತ್ತದೆ. ಇಲ್ಲದ ಹೆಸರಿಗೆ ಸಮ ಚಿಹ್ನೆಯಿಂದ ಬೆಲೆ ಕೊಟ್ಟರೆ ಹೊಸ ಪ್ರಾಪರ್ಟಿ ಹುಟ್ಟುತ್ತದೆ, ಎನ್ಯುಮರಬಲ್ ಟ್ರೂ ಆಗುತ್ತದೆ. ಆ ಹೆಸರು ಮೊದಲೇ ಇದ್ದರೆ? ಬೆಲೆ ಮಾತ್ರ ಬದಲಾಗುತ್ತದೆ, ಗುಣ ಹಳೆಯದೇ ಉಳಿಯುತ್ತದೆ. ಅರೇಯ ಅಂತರ್ಗತ ಮೆಥಡ್‌ಗಳಿಗೆ ಎನ್ಯುಮರಬಲ್ ಫಾಲ್ಸ್. ಹಾಗಾಗಿ ಫಂಕ್ಷನ್ ಮೂಟೂಲ್ಸ್‌ನದೇ ಆದರೂ ಫಾರ್-ಇನ್ ಲೂಪ್ ಅದನ್ನು ಕಾಣಲಿಲ್ಲ, ಎಲಿಮೆಂಟ್ಸ್‌ಗೆ ಅದು ತಲುಪಲಿಲ್ಲ. ಕನ್ಸೋಲ್‌ನಲ್ಲಿ ಅರೇ ಪ್ರೋಟೋಟೈಪ್‌ನ ಮ್ಯಾಪ್‌ಗೆ ಒಂದು ಫಂಕ್ಷನ್ ಕೊಡಿ, ಎಲ್ಲೂ ಇಲ್ಲದ ಹೆಸರೊಂದಕ್ಕೆ ಇನ್ನೊಂದು ಕೊಡಿ. ಖಾಲಿ ಅರೇಯ ಮೇಲೆ ಫಾರ್-ಇನ್ ಓಡಿಸಿದರೆ ಎರಡನೆಯದು ಮಾತ್ರ ಕಾಣುತ್ತದೆ. (ಆಮೇಲೆ ಪುಟ ರೀಲೋಡ್ ಮಾಡಿ.)

ಕೊನೆಗೆ ಜಾವಾಸ್ಕ್ರಿಪ್ಟ್ ಮಾನದಂಡದವರೇ ಹೆಸರನ್ನು ಫ್ಲಾಟ್ ಎಂದು ಬದಲಿಸಿದರು, ಅದು ಮಾನದಂಡದ 2019ರ ಆವೃತ್ತಿಯಾದ ಇಎಸ್2019ರಲ್ಲಿ ಸೇರಿತು.

ಇದರಿಂದ ಒಳ್ಳೆಯ ಉಪಾಯವೊಂದು ಸಿಗುತ್ತದೆ: ಹೊಸ ಬ್ರೌಸರ್‌ಗಾಗಿ ಕಾಯುವುದೇ ಬೇಡ. ಲೈಬ್ರರಿ ಲೋಡ್ ಆಗುವ ಮೊದಲು, ಅದು ಸೇರಿಸಲಿರುವ ಹೆಸರಿನಲ್ಲೇ ಡಿಫೈನ್ ಪ್ರಾಪರ್ಟಿಯಿಂದ (ಗುಣಗಳನ್ನೂ ನಾವೇ ಕೊಡಬಹುದಾದ ಫಂಕ್ಷನ್) ಒಂದು ಡಮ್ಮಿ ಮೆಥಡ್ ಇಡಿ. ಎನ್ಯುಮರಬಲ್ ಫಾಲ್ಸ್ ಇರಲಿ. ರೈಟಬಲ್ (ಬೆಲೆ ಬದಲಿಸಬಹುದೇ) ಮತ್ತು ಕಾನ್ಫಿಗರಬಲ್ (ಗುಣ ಬದಲಿಸಬಹುದೇ) ಎಂಬ ಗುಣಗಳಿಗೆ ಟ್ರೂ ಕೊಡಲು ಮರೆಯಬೇಡಿ, ಕೊಡದಿದ್ದರೆ ಅವೂ ಫಾಲ್ಸ್ ಆಗಿ ಬೇರೆಯೇ ದೋಷ ತೋರುತ್ತದೆ. ಈಗ ಟೆಸ್ಟ್‌ಗಳನ್ನು ಓಡಿಸಿ, ಮುಂದೆ ಬ್ರೌಸರ್ ಆ ಹೆಸರನ್ನು ತಂದರೆ ಏನು ಕೆಡುತ್ತದೆ ಎಂಬುದು ಈಗಲೇ ಗೊತ್ತಾಗುತ್ತದೆ. ಲೈಬ್ರರಿ ಸೇರಿಸುವ ಪ್ರತಿ ಹೆಸರಿಗೂ ಹೀಗೆ ಮಾಡಿ.

ಬ್ರೌಸರಿನ ಆವೃತ್ತಿ ಸಂಖ್ಯೆ ನೋಡುವ ಕೋಡ್ ಇದ್ದರೆ ಅದನ್ನೂ ಹುಡುಕಿ. ಸಂಖ್ಯೆಯಾಗಿ ಅಲ್ಲದೆ ಸ್ಟ್ರಿಂಗ್ ಆಗಿ, ಅಂದರೆ ಅಕ್ಷರ ಅಕ್ಷರವಾಗಿ ಹೋಲಿಸಿದರೆ 100 ಎಂಬುದು 99ಕ್ಕಿಂತ ಚಿಕ್ಕದು. ಕ್ರೋಮ್, ಫೈರ್‌ಫಾಕ್ಸ್ ಎರಡೂ 2022ರಲ್ಲೇ 100 ಮುಟ್ಟಿವೆ.