ದ್ವಿಭಾಷೆಯ ಹೊಣೆ ಯಾರದು?

ಒಟ್ಟಾವಾದಲ್ಲಿ ಸರ್ಕಾರಿ ನೌಕರರಿಗೆ ಫ್ರೆಂಚ್ ಕಲಿಸುವುದು ನನ್ನ ಕಸುಬು. 2021ರ ಜುಲೈನಲ್ಲಿ ಉತ್ತರದ ಮೂಲನಿವಾಸಿ ಇನ್ಯೂಟ್ ಸಮುದಾಯದ ಮೇರಿ ಸೈಮನ್ ಕೆನಡಾದ ಗವರ್ನರ್ ಜನರಲ್, ಅಂದರೆ ರಾಜಪ್ರತಿನಿಧಿ, ಆದಂದಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ: ‘ಫ್ರೆಂಚ್ ಬಾರದವರನ್ನು ನೇಮಿಸಿದ್ದು ಕಾನೂನಿಗೆ ವಿರುದ್ಧವಲ್ಲವೇ?’ ವಿದ್ಯಾರ್ಥಿಗಳು ಕೇಳುತ್ತಾರೆ, ಬೆಂಗಳೂರಿನಿಂದ ಫೋನ್ ಮಾಡುವ ನಂಟರೂ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

1969ರಲ್ಲಿ ಮೊದಲು ಬಂದು 1988ರಲ್ಲಿ ಹೊಸದಾಗಿ ರಚನೆಯಾದ ಅಧಿಕೃತ ಭಾಷೆಗಳ ಕಾಯ್ದೆ ಹೊಣೆ ಹೊರಿಸುವುದು ಸಂಸ್ಥೆಯ ಮೇಲೆ, ವ್ಯಕ್ತಿಯ ಮೇಲಲ್ಲ. ಇಂಗ್ಲಿಷ್, ಫ್ರೆಂಚ್ ಎರಡೂ ಭಾಷೆಗಳಲ್ಲಿ ಸೇವೆ ಕೊಡಬೇಕಾದ ಕಚೇರಿಗೆ ಹೋಗಿ ನೀವು ಫ್ರೆಂಚ್‌ನಲ್ಲಿ ಕೇಳಿದರೆ ಫ್ರೆಂಚ್‌ನಲ್ಲೇ ಉತ್ತರ ಸಿಗಬೇಕು. ಕೌಂಟರಿನಲ್ಲಿ ಕುಳಿತವರಿಗೆ ಬಾರದಿದ್ದರೆ ಪಕ್ಕದ ಮೇಜಿನವರು ಎದ್ದು ಬರುತ್ತಾರೆ. ಯಾರೂ ಬಾರದಿದ್ದರೆ ಆಗ ಕಾನೂನು ಮುರಿದಂತೆ. ಹುದ್ದೆಯಲ್ಲಿ ಕುಳಿತವರಿಗೇ ಎರಡು ಭಾಷೆ ಬರಬೇಕೆಂದರೆ ಶಾಸನ ಅದನ್ನು ಬಿಡಿಸಿ ಹೇಳಬೇಕು. 2011ರಲ್ಲಿ ಫ್ರೆಂಚ್ ಬಾರದ ಮಹಾಲೆಕ್ಕಪರಿಶೋಧಕರ ನೇಮಕ ಗದ್ದಲವೆಬ್ಬಿಸಿತು. 2013ರಲ್ಲಿ ಸಂಸತ್ತು ಅಂಥ 10 ಹುದ್ದೆಗಳನ್ನು ಪಟ್ಟಿ ಮಾಡಿತು. ಗವರ್ನರ್ ಜನರಲ್ ಹುದ್ದೆ ಆ ಪಟ್ಟಿಯಲ್ಲಿಲ್ಲ. ಸೈಮನ್ ನೇಮಕದ ವಿರುದ್ಧ ಸಾವಿರಕ್ಕೂ ಮಿಕ್ಕಿ ದೂರುಗಳು ಬಂದಾಗ ಭಾಷಾ ಆಯುಕ್ತರು ತನಿಖೆಗೆ ಎತ್ತಿಕೊಂಡದ್ದೂ ನೇಮಕದ ಪ್ರಕ್ರಿಯೆಯನ್ನೇ.

ಇದು ಕಾಯ್ದೆಯ ಮಾತು. ಸಂವಿಧಾನದ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆ. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ರಾಜಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್ ದ್ವಿಭಾಷಿಯಾಗಿರಲೇಬೇಕೆಂದು 2022ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು, 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಫ್ರೆಂಚ್ ಭಾಷಿಕರ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಮ್ಮ ನೆಲದಲ್ಲೇ ಮೇಲಧಿಕಾರಿಯೊಂದಿಗೆ ಇಂಗ್ಲಿಷ್ ಆಡಬೇಕಾಗಿದ್ದ ತಲೆಮಾರುಗಳು ಅವರವು. ಆದರೆ ಸೈಮನ್ ಹುಟ್ಟಿದ್ದೂ ಫ್ರೆಂಚ್ ಭಾಷಿಕರ ಪ್ರಾಂತ್ಯವಾದ ಕ್ವಿಬೆಕ್‌ನಲ್ಲೇ, 1947ರಲ್ಲಿ, ಉತ್ತರದ ನುನಾವಿಕ್‌ನಲ್ಲಿ. ಅವರು ಓದಿದ ಕೇಂದ್ರ ಸರ್ಕಾರದ ಶಾಲೆಯಲ್ಲಿ ಫ್ರೆಂಚ್ ಕಲಿಯುವ ಅವಕಾಶವೇ ಇರಲಿಲ್ಲ. ಇಂಗ್ಲಿಷ್, ಇನ್ಯೂಟರ ಭಾಷೆ ಇನುಕ್ಟಿಟುಟ್ ಎರಡೂ ಬಲ್ಲ ಅವರನ್ನು ‘ದ್ವಿಭಾಷಿಯಲ್ಲ’ ಎನ್ನುವಾಗ ನನ್ನ ನಾಲಿಗೆ ತಡವರಿಸುತ್ತದೆ.

ನುನಾವಿಕ್‌ನ ಒಬ್ಬ ಮಹಿಳೆ ನನ್ನ ತರಗತಿಯಲ್ಲಿದ್ದರು. ಮೊದಲ ದಿನ ತುಂಬುವ ಫಾರ್ಮಿನಲ್ಲಿ ‘ಮೊದಲ ಅಧಿಕೃತ ಭಾಷೆ’ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದರು. ಇಂಗ್ಲಿಷ್, ಫ್ರೆಂಚ್, ಎರಡೇ ಚೌಕ. ಇಂಗ್ಲಿಷಿಗೆ ಗುರುತು ಹಾಕಿ, ‘ನನ್ನ ಮೊದಲ ಭಾಷೆಗೆ ಚೌಕವಿಲ್ಲವೇ ಮೇಡಂ?’ ಎಂದರು. ಇಲ್ಲವೆಂದೆ. ಸಂಜೆ ಎಲ್ಲರೂ ಹೋದ ಮೇಲೆ ಅವರ ಲಿಪಿಯನ್ನು ತೋರಿಸಲು ಕೇಳಿಕೊಂಡೆ. ಬೋರ್ಡಿನ ಮೇಲೆ ಒಂದು ತ್ರಿಕೋನ ಬರೆದರು. ತುದಿ ಎಡಕ್ಕಿದ್ದರೆ ‘ಪ’, ಮೇಲಕ್ಕೆ ತಿರುಗಿಸಿದರೆ ‘ಪಿ’, ಬಲಕ್ಕೆ ತಿರುಗಿಸಿದರೆ ‘ಪು’. ನಾನು ಅದರ ಕೆಳಗೆ ನಮ್ಮ ಕಾಗುಣಿತದ ಪ, ಪಿ, ಪು ಬರೆದೆ. ನಾವು ಗುಡಿಸು, ಕೊಂಬು ಹಚ್ಚುತ್ತೇವೆ, ಅವರು ಅಕ್ಷರವನ್ನೇ ಹೊರಳಿಸುತ್ತಾರೆ. ಅವರು ಸೀಮೆಸುಣ್ಣ ತೆಗೆದುಕೊಂಡು ನನ್ನ ‘ಪು’ವಿನ ಕೊಂಬನ್ನು ನಿಧಾನವಾಗಿ ತಿದ್ದಿ ನೋಡಿದರು.