ಫಲಾವಳಿಗೆ ಮೊದಲು ತೂಕ, ಆಮೇಲೆ ಬಣ್ಣ

ಚೌತಿಗೆ ಮಂಟಪ ಕಟ್ಟಿಕೊಡಿ ಎಂದು ಕರೆದವರಿಗೆ ನನ್ನ ಮೊದಲ ಪ್ರಶ್ನೆ: ನಿಮ್ಮಲ್ಲಿ ಗಣಪತಿ ಎಷ್ಟು ದಿನ? ಒಂದೂವರೆ ದಿನವಾದರೆ ಸೇವಂತಿಗೆ, ಮಲ್ಲಿಗೆ ಧಾರಾಳವಾಗಿ ತನ್ನಿ. ಐದು, ಏಳು ದಿನ ಇಡುವ ಮನೆಯಲ್ಲಿ ಹೂವನ್ನೇ ನಂಬಿದರೆ, ಈ ಮಳೆಗಾಲದ ತೇವಕ್ಕೆ ಮಾಲೆಗಳು ನಡುವಿನಲ್ಲೇ ಕೊಳೆತು ವಾಸನೆ ಹಿಡಿಯುತ್ತವೆ. ಅಲ್ಲಿ ಕೈ ಹಿಡಿಯುವುದು ಕಾಯಿಗಳೇ. ನಮ್ಮ ಕಡೆ ದೇವರ ಮೇಲೆ ಫಲಾವಳಿ, ಅಂದರೆ ಹಣ್ಣು ಕಾಯಿಗಳನ್ನು ತೂಗಿಸುವ ಚೌಕಟ್ಟು, ಕಟ್ಟುವುದರಲ್ಲಿ, ಕಾರವಾರದ ಕೊಂಕಣಿ ಮನೆಗಳ ಅಂಥದ್ದೇ ಮಾಟೋಳಿಯಲ್ಲಿ, ಭಕ್ತಿಯ ಜೊತೆಗೆ ಈ ಲೆಕ್ಕವೂ ಇದೆ ಎಂದು ನಾನು ನಂಬಿದ್ದೇನೆ.

ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಅದರ ಜಾಗಕ್ಕೆ ಪ್ಲಾಸ್ಟಿಕ್ ಹೂವಿನ ಪರದೆ ಬಂದು ಕೂತಿದೆ. ಹಿತ್ತಲಲ್ಲಿ ಕಂಚಿಕಾಯಿ, ಮಾದಲಕಾಯಿ ತೂಗುತ್ತಿರುವ ಶಿರಸಿ, ಸಿದ್ದಾಪುರದ ಮನೆಗಳಲ್ಲೂ ಅದನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ಫಲಾವಳಿಯಲ್ಲಿ ಎಲ್ಲಕ್ಕಿಂತ ಮುಖ್ಯ ಚೌಕಟ್ಟು. ಅಡಿಕೆ ಮರ ಸೀಳಿದ ದಬ್ಬೆ ಅಥವಾ ಬಿದಿರಿನ ಗಳ ಸಾಕು, ಕಟ್ಟಲು ತೆಂಗಿನ ಹುರಿ. ಹಳೆಯ ಮನೆಯಲ್ಲಿ ಜಂತಿ ಇತ್ತು, ಚಿಂತೆ ಇರಲಿಲ್ಲ. ಈಗಿನ ತಾರಸಿ ಮನೆಯಲ್ಲಿ ಫಾಲ್ಸ್ ಸೀಲಿಂಗಿಗೆ ಮೊಳೆ ಹೊಡೆದು ತೂಗಿಸಲು ಹೊರಡುತ್ತಾರೆ. ದಯವಿಟ್ಟು ಬೇಡ. ಒಂದು ಬಾಳೆಗೊನೆಯೇ ಹತ್ತು ಹನ್ನೆರಡು ಕಿಲೋ ತೂಗಬಹುದು, ಸಿಪ್ಪೆ ಸಹಿತ ತೆಂಗಿನಕಾಯಿ ಕಿಲೋ ದಾಟುತ್ತದೆ. ಇದೆಲ್ಲ ತೂಗುವುದು ಮಣ್ಣಿನ ಮೂರ್ತಿಯ ನೆತ್ತಿಯ ಮೇಲೆ. ಆರ್‌ಸಿಸಿ ಸ್ಲ್ಯಾಬಿಗೇ ಕೊಕ್ಕೆ ಕೂರಿಸಿ, ಇಲ್ಲವೇ ನಾಲ್ಕು ಕಾಲಿನ ಮರದ ಮಂಟಪ ನಿಲ್ಲಿಸಿ ಅದಕ್ಕೇ ಕಟ್ಟಿ. ಭಾರದ್ದೆಲ್ಲ ನಾಲ್ಕು ಮೂಲೆಗೆ ಹೋಗಲಿ. ನಡುವೆ ಹಗುರದ್ದು: ಪಡವಲಕಾಯಿ, ಹಾಗಲಕಾಯಿ, ಮಾವಿನ ಸೊಪ್ಪು.

ಅಡಿಕೆ ಕೊನೆಯ, ಅಂದರೆ ಗೊನೆಯ, ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಚೌತಿಯ ಹೊತ್ತಿಗೆ ಕಾಯಿ ಹಸಿರಾಗಿರುತ್ತದೆ, ಮಂಟಪಕ್ಕೆ ಅದರಷ್ಟು ಒಪ್ಪುವ ಹಸಿರು ಬೇರೆ ಇಲ್ಲ. ಆದರೆ ಕೊಳೆ ರೋಗ ತಗುಲಿದ ಕೊನೆ ತಂದರೆ ರಾತ್ರಿಯಿಡೀ ಕಾಯಿ ಉದುರುತ್ತದೆ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ ಇದೆಯೇ ನೋಡಿ. ಇದ್ದರೆ ಆ ಕೊನೆ ಬೇಡ. ಕಾಯಿಯ ಮೇಲೆ ನೀಲಿ ಬಿಳಿ ಪುಡಿ ಅಂಟಿದ್ದರೆ ಅದು ಕೊಳೆಗೆ ಹೊಡೆದ ಬೋರ್ಡೋ ಮದ್ದು, ಅಂದರೆ ಮೈಲುತುತ್ತ ಮತ್ತು ಸುಣ್ಣ. ನೀರಲ್ಲಿ ಮುಳುಗಿಸಿ, ಬಟ್ಟೆಯಲ್ಲಿ ಒರೆಸಿಯೇ ಕಟ್ಟಬೇಕು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ಮೊದಲೇ ಹೇಳಿ ಹಗ್ಗದಲ್ಲಿ ಇಳಿಸಿಕೊಳ್ಳಿ, ಕೆಳಗೆ ಬಿಟ್ಟ ಕೊನೆ ಜಜ್ಜಿ ಹೋಗಿರುತ್ತದೆ. ಸಿಂಗಾರವನ್ನು, ಅಂದರೆ ಅಡಿಕೆಯ ಹೂಗೊಂಚಲನ್ನು, ಹಾಳೆ ಬಿರಿಯುವ ಮೊದಲೇ ತಂದಿಟ್ಟು, ಪೂಜೆಯ ಬೆಳಗ್ಗೆ ಸೀಳಿ ತೆರೆಯಿರಿ.

ಬಾಳೆಗೊನೆ ಬಲಿತ ಹಸಿರು ಕಾಯಿಯದೇ ಇರಲಿ. ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲಕ್ಕೆ ಪಕ್ಕದ ಸೌತೆಕಾಯಿಯೂ ಬೇಗ ಹಳದಿಯಾಗುತ್ತದೆ. ಹಣ್ಣು ತಟ್ಟೆಯಲ್ಲಿರಲಿ.

ಬಣ್ಣಕ್ಕೆ ಬಂದರೆ, ಹಸಿರಿನ ನಡುವೆ ಮೊಗೆಕಾಯಿಯ ಹಳದಿ, ಒಂದೆರಡು ಕಡೆ ಕೆಂಪು, ಅಷ್ಟೇ. ಎಲ್ಲ ಜಾಗ ತುಂಬಬೇಡಿ. ಕಾಯಿಗಳ ಸಂದಿಯಲ್ಲಿ ಗಣಪತಿಯ ಮುಖಕ್ಕೆ ಬೆಳಕು ಬೀಳಬೇಕು, ಆರತಿಯ ಜ್ವಾಲೆಗೆ ಏನೂ ತಾಗಬಾರದು. ಕಾರವಾರ, ಅಂಕೋಲೆಯಲ್ಲಿ ಕಬ್ಬಿಣದ ತಂತಿ ಬಳಸಲೇಬೇಡಿ, ಉಪ್ಪುಗಾಳಿಗೆ ತುಕ್ಕು ಹಿಡಿದು ಹಿಂದಿನ ಪಂಚೆ, ಸೀರೆಯ ಮೇಲೆಲ್ಲ ಕಲೆಯಾಗುತ್ತದೆ.

ಆ ಕೆಂಪಿಗೆ ಬೇಲಿಯಲ್ಲಿ ಅರಳುವ ಗೌರಿ ಹೂವೇ (ಅಗ್ನಿಶಿಖೆ) ಸಾಕು. ಬೆಂಕಿಯ ನಾಲಗೆಯಂಥ ಅದರ ದಳ ಮಂಟಪವನ್ನೇ ಬದಲಿಸಿಬಿಡುತ್ತದೆ. ಆದರೆ ಅದರ ಗಿಡದ ಎಲ್ಲ ಭಾಗವೂ ವಿಷ, ಗಡ್ಡೆಯಂತೂ ಪ್ರಾಣಕ್ಕೇ ಅಪಾಯ. ಹೂವನ್ನಷ್ಟೇ ಕೊಯ್ದು ಗಡ್ಡೆ ಮಣ್ಣಲ್ಲೇ ಬಿಡಿ, ಮುಂದಿನ ವರ್ಷವೂ ಚಿಗುರುತ್ತದೆ. ಮಕ್ಕಳ ಕೈಗೆ ಎಟುಕದಷ್ಟು ಎತ್ತರಕ್ಕೆ ಕಟ್ಟಿ, ಕೊಯ್ದ ಕೈ ತೊಳೆದುಕೊಳ್ಳಿ. ಗಣಪತಿ ಬಿಟ್ಟ ಮೇಲೆ ಫಲಾವಳಿಯ ಕಾಯಿಗಳನ್ನು ನೆಂಟರಿಷ್ಟರಿಗೆ ಹಂಚಿ, ಉಳಿದ ಸೊಪ್ಪನ್ನು ಕೊಟ್ಟಿಗೆಗೆ ಹಾಕುವುದು ರೂಢಿ. ಹಾಗೆ ಹಾಕುವ ಮೊದಲು ಗೌರಿ ಹೂವು, ಅದರ ಬಳ್ಳಿ ಎಲ್ಲವನ್ನೂ ಆರಿಸಿ ತೆಗೆದು ದನ ಬಾರದ ಕಡೆ ಹೂತುಬಿಡಿ.